ಅರ್ಧಕ್ಕೆ ನಿಂತ ಮ್ಯಾಟಡೋರ್

ಗಂಗಾವತಿಯ ನಮ್ಮ ಹಿತ್ತಲಿನಲ್ಲಿ ಒಂದು ಹಳೆಯ ಮ್ಯಾಟಡೋರ್ ನಿಂತಿತ್ತು. 1972ರ ಪುಟ್ಟ ಪಿಕಪ್. ಒಂದು ಕಾಲಕ್ಕೆ ಅಕ್ಕಿ ಚೀಲ ಹೊತ್ತು ಕುಷ್ಟಗಿ, ಯಲಬುರ್ಗಾಕ್ಕೆ ಹೋಗಿ, ಬರುವಾಗ ಜೋಳ ತರುತ್ತಿತ್ತು.

ಹೊಸ ರೂಪ ಕೊಡುವ ಹುರುಪಿನಲ್ಲಿ ನಾನೇ ಬೇರೆ ಗಾಡಿಯ ಎಂಜಿನ್ ಕೂರಿಸಿದೆ, ಜೀಪಿನ ಚಕ್ರ ಹಾಕಿದೆ, ಹಿಂಭಾಗ ಕತ್ತರಿಸಿ ಗಿಡ್ಡ ಮಾಡಿದೆ. ಅಷ್ಟರಲ್ಲಿ ಮೊಣಕಾಲು ನೋವು ಹಿಡಿಯಿತು. ಕೆಲಸ ಅರ್ಧಕ್ಕೇ ನಿಂತಿತು.

ಈಚೆಗೆ ಕೊಪ್ಪಳದ ಹುಡುಗನೊಬ್ಬ ಕೊಳ್ಳಲು ಬಂದ. “ಐವತ್ತು ವರ್ಷ ದಾಟೈತ್ರಿ, ವಿಂಟೇಜ್ ನಂಬರ್ ಸಿಗತೈತಿ” ಎಂದು ಹಿಗ್ಗಿ, ಒಳ್ಳೆಯ ಬೆಲೆ ಹೇಳಿದ. ನಾನು ಸುಮ್ಮನಿದ್ದೆ.

ಆರನೇ ತರಗತಿಯ ಮೊಮ್ಮಗಳು ಸುಮ್ಮನಿರಲಿಲ್ಲ. “ಅಜ್ಜಾ, ಎಂಜಿನ್ ಬದಲು ಮಾಡಿದ್ದು ಹೇಳಿದೇನು?”

2021ರ ಕೇಂದ್ರ ನಿಯಮದಂತೆ ವಿಂಟೇಜ್ ಎನಿಸಿಕೊಳ್ಳಲು ಐವತ್ತು ವರ್ಷ ತುಂಬಿದರೆ ಸಾಲದು. ಗಾಡಿ ಮೂಲ ರೂಪದಲ್ಲೇ ಇರಬೇಕು. ಅದು ನನಗೆ ಗೊತ್ತಿತ್ತು.

ನಾಚಿಕೆಯಾಯಿತು. ಅವಳ ನೋಟ್‌ಬುಕ್ಕಿನ ಹಾಳೆಯಲ್ಲಿ ಬದಲಾಯಿಸಿದ್ದು, ಕಳೆದುಹೋದದ್ದು, ಉಳಿದ ಕೆಲಸ ಎಲ್ಲವನ್ನೂ ಬರೆಸಿ ಸಹಿ ಹಾಕಿದೆ. ಬೆಲೆ ಅರ್ಧಕ್ಕಿಳಿಯಿತು.

ಹುಡುಗ ಹಾಳೆಯನ್ನು ಎರಡು ಸಲ ಓದಿದ. “ನಮ್ಮನ್ಯಾಗ ಇನ್ನೊಂದು ಮ್ಯಾಟಡೋರ್ ಐತ್ರಿ ಅಜ್ಜಾರ. ಇದರ ಬಾಗಿಲು ಅದಕ್ಕ ಬೇಕಾಗ್ಯಾವು” ಎಂದು ಒಯ್ದ.

ಗಾಡಿ ನಿಂತಿದ್ದ ಜಾಗದಲ್ಲಿ ಈಗ ಮೊಮ್ಮಗಳು ಕುಂಟೆಬಿಲ್ಲೆ ಆಡುತ್ತಾಳೆ. ನಾನು ಕಟ್ಟೆಯ ಮೇಲೆ ಕೂತು, ತಲೆ ಎತ್ತಿಯೇ ನೋಡುತ್ತೇನೆ.