ಜೈಲಿನಿಂದ ಓಡಿದ್ದು ಯಾವಾಗ ಅಪರಾಧವಲ್ಲ?

ಜೈಲಿಗೆ ಬೆಂಕಿ ಬಿದ್ದಾಗ ಜೀವ ಉಳಿಸಿಕೊಳ್ಳಲು ಹೊರಗೋಡಿದ ಕೈದಿಯನ್ನು ಪರಾರಿಯಾದವನೆಂದು ಶಿಕ್ಷಿಸಬಾರದು. ಇಂಗ್ಲೆಂಡಿನ ಹಳೆಯ ಕಾನೂನಿನ ಈ ಮಾತನ್ನು ಅಮೆರಿಕದ ಸುಪ್ರೀಂ ಕೋರ್ಟ್ 1868ರಲ್ಲೇ ಎತ್ತಿ ಹೇಳಿತ್ತು. ಬೆಂಕಿಯ ಬದಲು ಸಹಕೈದಿಯ ಚಾಕು ಎದುರಿಗಿದ್ದರೆ? ಅಲ್ಲಿನ ಕೋರ್ಟುಗಳು ಬಹುಕಾಲ ಈ ವಾದಕ್ಕೆ ಕಿವಿಗೊಡಲಿಲ್ಲ.

ದಾರಿ ತೆರೆದದ್ದು 1974ರ ಲವರ್‌ಕ್ಯಾಂಪ್ ತೀರ್ಪು. ಕ್ಯಾಲಿಫೋರ್ನಿಯಾದಲ್ಲಿ ಇಬ್ಬರು ಮಹಿಳಾ ಕೈದಿಗಳು ಸಹಕೈದಿಗಳ ಲೈಂಗಿಕ ದೌರ್ಜನ್ಯದ ಬೆದರಿಕೆಗೆ ಹೆದರಿ ತಪ್ಪಿಸಿಕೊಂಡರು. ಕೆಲವೇ ಗಜ ದೂರದ ಹುಲ್ಲಿನ ಹೊಲದಲ್ಲಿ ಸಿಕ್ಕಿಬಿದ್ದರು. ಅದಕ್ಕೆ ಮೊದಲು ಅಧಿಕಾರಿಗಳಿಗೆ ಹಲವು ಸಲ ದೂರಿದ್ದರೂ ಫಲ ಸಿಕ್ಕಿರಲಿಲ್ಲ. ಇಂಥವರು 'ಅನಿವಾರ್ಯತೆ'ಯ ವಾದ ಹೂಡಬಹುದು ಎಂದ ಮೇಲ್ಮನವಿ ನ್ಯಾಯಾಲಯ ಐದು ಷರತ್ತು ಹಾಕಿತು. ಕೊಲೆ, ಲೈಂಗಿಕ ದಾಳಿ ಅಥವಾ ತೀವ್ರ ಗಾಯದ ನಿರ್ದಿಷ್ಟ ಬೆದರಿಕೆ ಆಗಲೇ ಮೈಮೇಲೆ ಬಂದಿರಬೇಕು. ದೂರು ಕೊಡಲು ಸಮಯವಿರಬಾರದು, ಇಲ್ಲವೇ ಹಿಂದಿನ ದೂರುಗಳು ವ್ಯರ್ಥವಾಗಿರಬೇಕು. ಕೋರ್ಟಿಗೆ ಹೋಗಲೂ ಅವಕಾಶವಿರಬಾರದು. ಓಡುವಾಗ ಸಿಬ್ಬಂದಿಯ ಮೇಲಾಗಲಿ ಅಮಾಯಕರ ಮೇಲಾಗಲಿ ಕೈ ಮಾಡಿರಬಾರದು. ಅಪಾಯದಿಂದ ಪಾರಾದ ಕೂಡಲೇ ಅಧಿಕಾರಿಗಳ ಮುಂದೆ ಹಾಜರಾಗಬೇಕು.

ಹೆಚ್ಚಿನವರು ಎಡವುವುದು ಈ ಕೊನೆಯ ಷರತ್ತಿನಲ್ಲಿ. 1976ರಲ್ಲಿ ವಾಷಿಂಗ್ಟನ್ ಜೈಲಿನ ಕಿಟಕಿಯಿಂದ ಹಾಸಿಗೆ ಬಟ್ಟೆಗೆ ಗಂಟು ಹಾಕಿ ನಾಲ್ವರು ಇಳಿದುಹೋದರು. ಒಳಗೆ ಹೊಡೆತ, ಬೆದರಿಕೆ, ಪದೇ ಪದೇ ಬೆಂಕಿ ಎಂದು ಅವರ ಕಡೆಯ ಸಾಕ್ಷಿಗಳು ವಿವರವಾಗಿ ಹೇಳಿದರು. ಆದರೆ ಮತ್ತೆ ಸೆರೆಸಿಕ್ಕುವಷ್ಟರಲ್ಲಿ ಒಂದು ತಿಂಗಳಿಗೂ ಹೆಚ್ಚು ಕಾಲ ಕಳೆದಿತ್ತು. 1980ರ ಬೈಲಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಖಡಾಖಂಡಿತವಾಗಿ ಹೇಳಿತು: ಬೆದರಿಕೆ ತಪ್ಪಿದೊಡನೆ ಶರಣಾಗಲು ಪ್ರಾಮಾಣಿಕವಾಗಿ ಯತ್ನಿಸಿದ್ದಕ್ಕೆ ಸಾಕ್ಷ್ಯವಿಲ್ಲದಿದ್ದರೆ, ಅನಿವಾರ್ಯತೆಯ ವಾದವನ್ನು ಜ್ಯೂರಿಯ ಮುಂದಿಡುವಂತೆಯೇ ಇಲ್ಲ.

ಇದು ಅತಿ ಕಠಿಣ ಎಂದೇ ನನ್ನ ಅನಿಸಿಕೆ. ಯಾವ ಗೋಡೆಯೊಳಗೆ ರಕ್ಷಣೆ ಸಿಗಲಿಲ್ಲವೋ ಆ ಗೋಡೆಯ ಬಾಗಿಲನ್ನೇ ಮತ್ತೆ ತಟ್ಟು ಎನ್ನುವುದು ಸುಲಭದ ಮಾತಲ್ಲ. 1977ರಲ್ಲಿ ಇಲಿನಾಯ್ ರಾಜ್ಯದ ಸುಪ್ರೀಂ ಕೋರ್ಟ್ ಅಂಗರ್ ಪ್ರಕರಣದಲ್ಲಿ ಹೆಚ್ಚು ಮಾನವೀಯವಾಗಿ ನಡೆದುಕೊಂಡಿತು. ಲೈಂಗಿಕ ದಾಳಿಗೆ ತುತ್ತಾಗಿ, ಆಮೇಲೆ ಕೊಲೆ ಬೆದರಿಕೆಯ ಫೋನ್ ಕರೆಯನ್ನೂ ಕೇಳಿಸಿಕೊಂಡಿದ್ದೆ ಎಂದ ಆ ಕೈದಿ ಜೈಲಿನ ಹೊಲದಿಂದ ನಡೆದುಹೋಗಿದ್ದ. ಎರಡು ದಿನಗಳ ಬಳಿಕ ಸಿಕ್ಕಾಗ ಮೈಮೇಲೆ ಜೈಲಿನ ಬಟ್ಟೆಯೇ ಇತ್ತು. ಐದು ಷರತ್ತುಗಳನ್ನು ತೂಗಿ ನೋಡುವುದು ಜ್ಯೂರಿಯ ಕೆಲಸ, ಒಂದು ಈಡೇರಲಿಲ್ಲವೆಂದು ವಾದವನ್ನೇ ಹೊರಗಿಡಬಾರದು ಎಂದಿತು ಕೋರ್ಟ್. ಅವನಿಗೆ ಹೊಸ ವಿಚಾರಣೆ ಸಿಕ್ಕಿತು. ನ್ಯಾಯಕ್ಕೆ ಹತ್ತಿರವಾದದ್ದು ಈ ದಾರಿಯೇ.