ನಿಮಗಿದು ಗೊತ್ತೆ? ಮೈ ಒಣಗಿಸುವ ಸಾಬೂನನ್ನೂ ಉಳಿಸಬಹುದು!

ಮನೆಯಲ್ಲೇ ಮಾಡಿದ ಕೊಬ್ಬರಿ ಎಣ್ಣೆ ಸಾಬೂನು ಹಚ್ಚಿದರೆ ಮೈ ಬಿಗಿದು ಬಿಳಿಚಿಕೊಳ್ಳುತ್ತದೆಯೇ? ಆ ಎಣ್ಣೆಯ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲ. ಅದರ ಸಾಬೂನು ಕೊಳೆಯ ಜತೆ ಚರ್ಮದ ಜಿಡ್ಡನ್ನೂ ತೊಳೆದುಬಿಡುತ್ತದೆ. ಬಾಗಲಕೋಟೆ ಸೀಮೆಯ ಒಣಹವೆಯಲ್ಲಿ ಈ ತೊಂದರೆ ಇನ್ನೂ ಹೆಚ್ಚು.

● ಸಾಬೂನು ತುರಿದು, ನೀರು ಚಿಮುಕಿಸಿ, ಕುದಿನೀರಿನ ಮೇಲಿಟ್ಟ ಸ್ಟೀಲ್ ಪಾತ್ರೆಯಲ್ಲಿ ಕರಗಿಸಿ. ಕಿಲೋಗೆ 50 ಗ್ರಾಂ ಎಣ್ಣೆ ಬೆರೆಸಿ ಅಚ್ಚಿಗೆ ಸುರಿಯಿರಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಕ್ಷಾರ ಅದನ್ನು ತಿನ್ನುತ್ತದೆ.

● ಹೀಗೆ ಬೆರೆಸಲು ನಮ್ಮ ಎರೆಹೊಲದ ಕುಸುಬಿ ಎಣ್ಣೆಯನ್ನೂ ಬಳಸಬಹುದು. ಆದರೆ ಅದು ಬೇಗ ಕಮಟುತ್ತದೆ. ಸ್ವಲ್ಪವೇ ತಯಾರಿಸಿ, ಬೇಗ ಬಳಸಿ.

● ಹಚ್ಚಿದ ಕೂಡಲೇ ಚರ್ಮ ಉರಿದರೆ ಸಾಬೂನಿನಲ್ಲಿ ಕಾಸ್ಟಿಕ್ ಸೋಡಾ ಉಳಿದಿರಬಹುದು. ಅಂಥ ಸಾಬೂನನ್ನು ಮೈಗೆ ಹಚ್ಚಲೇಬೇಡಿ. ಕೈಗವಸು ಹಾಕಿಕೊಂಡೇ ಮುಟ್ಟಿ.

● ಮೈ ಒಣಗಿಸುವ ಸಾಬೂನಿನ ತುರಿಯನ್ನು ಬಿಸಿನೀರಲ್ಲಿ ಕರಗಿಸಿದರೆ ಹತ್ತಿ ಬಟ್ಟೆ, ಜಿಡ್ಡಿನ ಪಾತ್ರೆ ಸ್ವಚ್ಛವಾಗುತ್ತವೆ.

● ಇಳಕಲ್ ಸೀರೆಗೆ ಮಾತ್ರ ಬೇಡ. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದಾಗಿರಬಹುದು. ಕ್ಷಾರಕ್ಕೆ ರೇಷ್ಮೆಯ ಎಳೆ ಸೊರಗುತ್ತದೆ. ಅದಕ್ಕೆ ನೆನೆಸಿದ ಅಂಟುವಾಳದ ನೊರೆಯೇ ಹಿತ.