ನೀರು ತುಂಬಿದ ಶೆಟ್ಟಿಹಳ್ಳಿ ಚರ್ಚು

ದಂಡಿಗನಹಳ್ಳಿಯಿಂದ ಅರಕಲಗೂಡಿನವರೆಗೆ, ನಮ್ಮ ಹಾಸನ ಜಿಲ್ಲೆಯವರು ರಜೆ ಸಿಕ್ಕರೆ ಹೊರಡುವ ಜಾಗ ಶೆಟ್ಟಿಹಳ್ಳಿ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿಸಿದ ರೋಸರಿ ಚರ್ಚು, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಎದ್ದ ಮೇಲೆ ಹಿನ್ನೀರಿನ ಪಾಲಾಯಿತು. ಊರವರು ಮನೆಮಠ ಬಿಟ್ಟು ಬೇರೆಡೆ ನೆಲೆಸಿದರು. ಬೇಸಿಗೆಯಲ್ಲಿ ಗೋಡೆಯ ಬುಡದವರೆಗೂ ನಡೆದು ಹೋಗಬಹುದು. ಜಲಾಶಯ 2,922 ಅಡಿಯ ಗರಿಷ್ಠ ಮಟ್ಟದ ಸಮೀಪ ಬಂದರೆ ಕಟ್ಟಡದ ಮೇಲ್ಭಾಗವಷ್ಟೇ ಕಾಣುತ್ತದೆ. ಆಗಲೇ ಕೆಲವರಿಗೆ ಕಮಾನುಗಳ ನಡುವೆ ಈಜುವ ಹುಚ್ಚು.

ಮುಳುಗಿದ ಹಡಗುಗಳಿಗೆ ಇಳಿಯುವ ಪಳಗಿದ ಡೈವರ್‌ಗಳು ಆಳಕ್ಕೆಷ್ಟೋ ಹೂಳಿಗೂ ಅಷ್ಟೇ ಹೆದರುತ್ತಾರೆ. ಕಾಲೊಂದು ತಳಕ್ಕೆ ತಾಗಿ ಹೂಳೆದ್ದರೆ ಟಾರ್ಚಿನ ಬೆಳಕು ಗೇಣು ದೂರವೂ ಹೋಗದು, ಬಂದ ಬಾಗಿಲು ಯಾವ ಕಡೆಗಿತ್ತೆಂದು ತಿಳಿಯದು. ಅದಕ್ಕೇ ಅವರು ಹೊರಗೆ ದಾರ ಕಟ್ಟಿ, ಬಿಚ್ಚುತ್ತ ಬಿಚ್ಚುತ್ತ ಒಳಗೆ ಹೋಗುತ್ತಾರೆ. ಸಿಲಿಂಡರಿನ ಗಾಳಿಯಲ್ಲಿ ಮೂರನೇ ಒಂದು ಪಾಲು ಮುಗಿದರೆ ಮುಂದೆ ಏನೇ ಇರಲಿ, ಹಿಂತಿರುಗುತ್ತಾರೆ. ಶೆಟ್ಟಿಹಳ್ಳಿಯ ತಳದಲ್ಲಿರುವುದೂ ಹೂಳೇ. ಮೇಲಾಗಿ ವರ್ಷವರ್ಷವೂ ನೆನೆದು ಒಣಗಿದ ಗಾರೆ ಕಲ್ಲನ್ನು ಎಷ್ಟು ದಿನ ಹಿಡಿದೀತು?

ಆಳದ ಅಪಾಯವೇ ಬೇರೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ 7 ಮೀನುಗಾರರೊಂದಿಗೆ ಹೊರಟು ಕಾಣೆಯಾದ ‘ಸುವರ್ಣ ತ್ರಿಭುಜ’ ದೋಣಿಯ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣ ಕಡಲಿನ ಸುಮಾರು 60 ಮೀಟರ್ ಆಳದಲ್ಲಿ. ಅದನ್ನು ಪತ್ತೆಹಚ್ಚಲು ನೌಕಾಪಡೆಯ ‘ಐಎನ್‌ಎಸ್ ನಿರೀಕ್ಷಕ್’ ಹಡಗೇ ಬರಬೇಕಾಯಿತು. ಆ ಆಳದಲ್ಲಿ ಒತ್ತಡ ಮೇಲಿನದರ ಏಳು ಪಟ್ಟು. ಉಸಿರಾಡುವ ಗಾಳಿಯ ನೈಟ್ರೋಜನ್ನೇ ಅಮಲೇರಿಸುತ್ತದೆ. ಹಂತಹಂತವಾಗಿ ನಿಂತು ಬಾರದೆ ಸರ್ರನೆ ಮೇಲೆ ಬಂದರೆ ಅದೇ ಅನಿಲ ರಕ್ತದಲ್ಲಿ ಗುಳ್ಳೆ ಕಟ್ಟುತ್ತದೆ.

ಹೇಮಾವತಿ ಅಷ್ಟು ಆಳವಿಲ್ಲ, ನಿಜ. ಆದರೆ ಈ ನೀರು ಸಮುದ್ರಮಟ್ಟದಿಂದ ಸುಮಾರು 890 ಮೀಟರ್ ಮೇಲಿದೆ. ಗಾಳಿಯ ಒತ್ತಡವೇ ಇಲ್ಲಿ ಹತ್ತನೇ ಒಂದು ಪಾಲು ಕಡಿಮೆ. ಕಡಲಿಗೆಂದು ಮಾಡಿದ ಡೈವಿಂಗ್ ಲೆಕ್ಕ ಇಲ್ಲಿ ನಡೆಯದು. ಮುರುಡೇಶ್ವರದ ನೇತ್ರಾಣಿಯಲ್ಲಿ ಮತ್ತೆಮತ್ತೆ ಮುಳುಗಿ, ಅಂದೇ ಘಾಟಿ ಹತ್ತಿ ಹಾಸನಕ್ಕೆ ಮರಳುವ ಹುಡುಗರೂ ಇದನ್ನು ತಿಳಿದಿರಬೇಕು: ಆ ರಾತ್ರಿ ಕರಾವಳಿಯಲ್ಲೇ ತಂಗುವುದು ಕ್ಷೇಮ.

ಶೆಟ್ಟಿಹಳ್ಳಿಗೆ ಮಳೆಗಾಲದಲ್ಲಿ ಬಂದವರು ದಡದಿಂದಲೇ ನೋಡಲಿ, ತೆಪ್ಪ ಹತ್ತಿದರೆ ಲೈಫ್ ಜಾಕೆಟ್ ಕೇಳಿ ತೊಡಲಿ. ಒಳಗಿನ ಕಮಾನುಗಳನ್ನು ಕಣ್ತುಂಬ ನೋಡಬೇಕೆನ್ನುವವರಿಗೆ ಬೇಸಿಗೆಯೇ ಸರಿ. ಆಗಲೂ ಗೋಡೆ ಹತ್ತಬಾರದು.